ಅನುರಾಧಾಳ ನೀಲಿ ದೀಪ

"ಅದನ್ನ ಮುಟ್ಟಬ್ಯಾಡ್ರಿ!"

ಅನುರಾಧಾ ಕೂಗುವಷ್ಟರಲ್ಲಿ ತಡವಾಗಿತ್ತು. ಹೊಸದಾಗಿ ಬಂದಿದ್ದ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ ಮಾಳಿಂಗರಾಯ ಕರೆಂಟ್ ಏರಿಸಿಬಿಟ್ಟಿದ್ದ. ಪುಟ್ಟ ನೀಲಿ ಎಲ್‌ಇಡಿ ಒಮ್ಮೆ ಝಗ್ಗೆಂದು ಸುಟ್ಟುಹೋಯಿತು.

"ತಪ್ಪಾತ್ರಿ ಮೇಡಂ... ಬೆಳಕ ಕಡಿಮಿ ಐತಿ ಅಂತ..."

"ಮಿನುಗೂ ವೇಗ ಹೆಚ್ಚ ಮಾಡಿದ್ರ ಬೆಳಕ ಕುಂದತೈತ್ರಿ! ಅದಕ್ಕ ಒದ್ದಾಡಾಕತ್ತೇನಿ!"

ಅದು 2012. ಎಲ್‌ಇಡಿಯನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗಿಸಿ, ಆ ಬೆಳಕಿನಲ್ಲೇ ಮಾತು ಕಳಿಸುವುದು ಅವಳ ಸಂಶೋಧನೆ. ಅವಳು ಕಲಿಸುತ್ತಿದ್ದ ಜಮಖಂಡಿಯ ಕಾಲೇಜಿನಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಬನಹಟ್ಟಿಯ ಮನೆಯಲ್ಲೂ ಅಷ್ಟೇ. "ದೀಪ ಹತ್ತಿದ್ರ ಸಾಕಲ್ಲ ಬೇ" ಎನ್ನುತ್ತಿದ್ದಳು ತಾಯಿ ಲಗಮವ್ವ.

ಮಾಳಿಂಗರಾಯ ಮಾತ್ರ ದಿನಾ ಕೂತು ಕೇಳಿದ, ಕೈಜೋಡಿಸಿದ. ಒಂದು ಸಂಜೆ ಮೇಜಿನ ಆಚೆ ತುದಿಯಿಂದ ಅವನ ದನಿ ಬೆಳಕನ್ನೇರಿ ಬಂತು.

"ಅನುರಾಧಾ... ಕೇಳಸಾಕತ್ತೈತೇನ್ರಿ?"

ಮೇಡಂ ಇಲ್ಲದ ತನ್ನ ಹೆಸರು! ಅವಳ ಎದೆ ಝಲ್ಲೆಂದಿತು.

ಕೆಲ ದಿನಗಳಲ್ಲೇ ಪ್ರಿನ್ಸಿಪಾಲರ ಕೋಣೆಯ ಹೊರಗೆ ಅದೇ ದನಿ ಕೇಳಿಸಿತು. "ಅವರ ಕೆಲಸ ಇಲ್ಲಿ ಆಗೂದಿಲ್ರೀ ಸರ್. ಸುಮ್ನ ವರ್ಷ ಹಾಳು."

'ಇವನೂ ಎಲ್ಲರಂತೆಯೇ...'

ಅವಳು ಏನೂ ಕೇಳಲಿಲ್ಲ. ಮಾತು ಬಿಟ್ಟಳು. ಮುಂಬಯಿಯ ಪ್ರಯೋಗಾಲಯದಿಂದ ಕರೆ ಬಂದಾಗ ಅವನಿಗೆ ಹೇಳದೆಯೇ ಹೊರಟಳು.

ಅಲ್ಲಿ ಒಬ್ಬಳೇ ಉಂಡಳು, ಒಬ್ಬಳೇ ನಡೆದಳು. ಕನ್ನಡ ಕೇಳಿದರೆ ಸಾಕು, ತಿರುಗಿ ನೋಡುತ್ತಿದ್ದಳು.

ಎರಡು ವರ್ಷದ ಮೇಲೆ, ಬೆಳಕು ಹುಟ್ಟುವ ಪದರದ ತೀರಾ ಹತ್ತಿರ ಬೆಳ್ಳಿಯ ಸೂಕ್ಷ್ಮ ಕಣಗಳನ್ನು ಕೂರಿಸಿದಳು. ಶಕ್ತಿ ಬಿಸಿಯಾಗಿ ಪೋಲಾಗುವ ಮೊದಲೇ ಬೆಳಕಾಗಿ ಹೊಮ್ಮಿತು. ವೇಗವೂ ಹೆಚ್ಚಿತು, ಬೆಳಕೂ!

ಹೇಳಲೆಂದು ಪಕ್ಕಕ್ಕೆ ತಿರುಗಿದಳು... ಯಾರೂ ಇರಲಿಲ್ಲ.

ಸುದ್ದಿ ಕೇಳಿ ಅಲ್ಲಿನ ಅವಳ ಗೈಡ್, ಧಾರವಾಡದ ವೈಶಾಲಿ ಮೇಡಂ ನಕ್ಕರು. "ಮಾಳಿಂಗರಾಯರಿಗೆ ಹೇಳಿದೇನವಾ? ಅಲ್ಲಿ ಮಶೀನ್ ಇಲ್ಲ, ಆಕಿ ವರ್ಷ ಹಾಳಾಗ್ತದ, ನೀವ ಕರಸ್ಕೋರಿ ಅಂತ ನನ್ನ ಬೆನ್ನ ಹತ್ತಿದ್ರು."

ಅನುರಾಧಾ ಅಂದೇ ಊರಿನ ಬಸ್ ಹತ್ತಿದಳು.

ಅವನು ಬೀಳಗಿಗೆ ವರ್ಗವಾಗಿದ್ದ. ಊರಾಚೆ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಒಬ್ಬನೇ ನಿಂತಿದ್ದ.

"ಯಾಕ ಹೇಳ್ಲಿಲ್ರೀ?"

ಬೆಚ್ಚಿ ತಿರುಗಿದ. "ಹೇಳಿದ್ರ... ನನ್ನ ಬಿಟ್ಟ ಹೋಗ್ತಿದ್ದಿಲ್ಲೇನೋ ಅಂತ ಅಂಜಿಕಿ. ಆಮ್ಯಾಲ ನೀವ ಮಾತ ಬಿಟ್ರಿ."

"ನಾ ಕೇಳಬೇಕಿತ್ತು..." ಅವಳ ಕಣ್ಣು ತುಂಬಿ ಬಂತು. "ನಾ ಗೆದ್ದೆನ್ರಿ. ಹೊಳ್ಳಿ ನೋಡಿದ್ರ ನೀವ ಇರ್ಲಿಲ್ಲ. ನೀವ ಬೇಕ್ರಿ ನನಗ."

ಅವನು ಅವಳ ಕೈ ಹಿಡಿದ. "ನಡೀರಿ, ನಮ್ಮವ್ವ ಮನ್ಯಾಗ ರೊಟ್ಟಿ ಬಡ್ಯಾಕತ್ತಾಳ."

"ನಾ ಯಾರಂತ ಹೇಳ್ತೀರಿ ಆಕಿಗೆ?"

"ಹೇಳೂದೇನೈತಿ? ಅನುರಾಧಾ ಯಾವಾಗ ಬರ್ತಾಳ ಅಂತ ಆಕೀನ ದಿನಾ ನನ್ನ ಕೇಳ್ತಾಳ."