ಸೋಫಾ ಅಂಗಡಿಯವಳು

ಮೊದಲ ಭೇಟಿಗೆ ಅವನು ಹತ್ತು ನಿಮಿಷ ತಡ ಎಂದು ಫೈಲಿನಲ್ಲಿ ಬರೆದುಕೊಂಡೆ. ನಿಜವೆಂದರೆ ಅವನು ಹತ್ತು ನಿಮಿಷ ಮೊದಲೇ ಬಂದಿದ್ದ. ಬೀಗವಿಲ್ಲದ ಬಾಗಿಲ ಹೊರಗೆ, ಯಾರಾದರೂ ತೆಗೆಯಲಿ ಎಂದು ಸುಮ್ಮನೆ ನಿಂತಿದ್ದ.

"ತಳ್ಳಿದ್ರೆ ಸಾಕಿತ್ತಲ್ಲ," ಎಂದೆ.

"ಆರು ವರ್ಷದಿಂದ ಬಾಗಿಲು ಮುಟ್ಟಿಲ್ಲ ಮೇಡಂ. ಅಭ್ಯಾಸ ತಪ್ಪಿದೆ."

ಜೈಲಿನಿಂದ ಹೊರಬಂದವರಿಗೆ ಗುರುತಿನ ಚೀಟಿ ಮಾಡಿಸುವುದು, ಬಾಡಿಗೆ ಕೋಣೆ, ಕೆಲಸ ಹುಡುಕಿಕೊಡುವುದು ನಮ್ಮ ಸಂಸ್ಥೆಯ ಕೆಲಸ. ಅವನು ಒಂದು ಜಗಳದಲ್ಲಿ ಒಬ್ಬನನ್ನು ತಳ್ಳಿದ್ದ. ಬಿದ್ದವನ ಕಣ್ಣೊಂದು ಹೋಗಿತ್ತು. ಅದನ್ನು ಅವನು ಮುಚ್ಚಿಡುತ್ತಿರಲಿಲ್ಲ, ಬಣ್ಣ ಕಟ್ಟಿ ಹೇಳುತ್ತಲೂ ಇರಲಿಲ್ಲ. ಒಳಗೆ ಬಡಗಿ ಕೆಲಸ ಕಲಿತಿದ್ದ. ಆಫೀಸಿನಲ್ಲಿ ಎಲ್ಲರೂ ಅವನನ್ನು ಬಡಗಿ ಎಂದೇ ಕರೆಯುತ್ತಿದ್ದರು.

ಪ್ರತಿ ಸೋಮವಾರ ಬರುತ್ತಿದ್ದ. ಗಾಜಿನ ಬಾಗಿಲ ಮೇಲೆ ಅವನ ನೆರಳು ಬಿದ್ದ ಕೂಡಲೇ ನಾನು ಏಳುತ್ತಿದ್ದೆ. ಕುರ್ಚಿಯಿಂದ ಬಾಗಿಲಿಗೆ ನಾಲ್ಕು ಹೆಜ್ಜೆ. ವಾರವಿಡೀ ನಾನು ಬೇಕೆಂದು ಇಟ್ಟ ಹೆಜ್ಜೆಗಳು ಅಷ್ಟೇ.

ನನ್ನ ಗಂಡ ತೀರಿಕೊಂಡು ಮೂರು ವರ್ಷ. ಅಳು ಮೊದಲ ತಿಂಗಳಿಗೇ ಮುಗಿದಿತ್ತು. ಆಮೇಲೆ, ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ, ಎಲ್ಲವೂ ಮರಗಟ್ಟಿತ್ತು.

"ಇಂಟರ್‌ವ್ಯೂನಲ್ಲಿ ಈ ಆರು ವರ್ಷ ಎಲ್ಲಿದ್ರಿ ಅಂತ ಕೇಳ್ತಾರೆ. ಏನು ಹೇಳ್ತೀರಿ?"

"ಒಂದೇ ಕಡೆ ಇದ್ದೆ, ಒಂದು ದಿನಾನೂ ರಜೆ ಹಾಕಿಲ್ಲ ಅಂತೀನಿ."

ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ ಹೇಳಿದ. ಕಣ್ಣು ಮಾತ್ರ ನನ್ನ ಪೆನ್ನಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತಿತ್ತು. ನಾನು ಬರೆದುಕೊಂಡೆ: ಉತ್ತರ ಇನ್ನೂ ಸಿದ್ಧವಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಅಂಗಡಿ ಒಪ್ಪಿತು. ಸೋಫಾ, ಕುರ್ಚಿಗಳ ರಿಪೇರಿ. ಸೋಮವಾರದಿಂದ ಐದು ದಿನ ನೋಡಿ ಆಮೇಲೆ ಹೇಳ್ತೀವಿ ಅಂದರು. ಬುಧವಾರ ನಾನು ವಿಚಾರಿಸಲು ಹೋದೆ. ನಿಯಮದ ಪ್ರಕಾರ ಹೋಗಬೇಕು. ಹೊಸ ಸೀರೆ ಉಡಬೇಕೆಂದು ನಿಯಮವಿರಲಿಲ್ಲ.

ರಸ್ತೆಯ ಈಚೆಯಿಂದಲೇ ಕಂಡಿತು. ಅಂಗಡಿಯ ಒಡತಿ ನನ್ನದೇ ವಯಸ್ಸಿನವಳು, ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ಎರಡು ಕೈಯಲ್ಲೂ ಕುರ್ಚಿ ಎತ್ತಿಕೊಂಡು ಬಾಗಿಲ ಕಡೆ ಬರುತ್ತಿದ್ದಳು. ಅವನು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅವಳಿಗಿಂತ ಮುಂದೆ ನಡೆದು ಬಾಗಿಲು ತೆಗೆದ. ಯಾರೂ ಹೇಳಿರಲಿಲ್ಲ. ತೆಗೆದು, ಕಾಲಿನಿಂದ ತಡೆದು ಹಿಡಿದ. ಅವಳು ಮೊಳೆ ಕಚ್ಚಿಕೊಂಡೇ ಏನೋ ಅಂದಳು. ಅವನು ನಕ್ಕ.

ನಾಲ್ಕು ತಿಂಗಳಲ್ಲಿ ನನಗೆ ಸಿಗದ ನಗು. ಹಲ್ಲು ಸ್ವಲ್ಪ ಓರೆ ಅಂತ ಆವತ್ತು ಗೊತ್ತಾಯಿತು. ಅವಳಿಗೆ ಸೋಮವಾರವೇ ಗೊತ್ತಾಗಿರಬೇಕು.

ಎದೆಯಲ್ಲಿ ಏನೋ ಚುರುಕ್ ಅಂತು. ಖುಷಿಪಡಬೇಕಾದ ಜಾಗದಲ್ಲಿ ನಿಂತು ಅವಳ ಕೈಬಳೆ ನೋಡಿದೆ, ಸೊಂಟ ನೋಡಿದೆ, ಒಳಗೆ ಹೋಗದೆ ವಾಪಸ್ ಬಂದೆ. ವರದಿಯಲ್ಲಿ "ಪ್ರಗತಿ ಉತ್ತಮ" ಎಂದು ಬರೆದೆ. ಅಕ್ಷರ ಕೆಳಗಿನ ಹಾಳೆಯಲ್ಲೂ ಮೂಡುವಷ್ಟು ಒತ್ತಿ ಬರೆದಿದ್ದೆ.

ಶುಕ್ರವಾರ ಅವಳೇ ಫೋನ್ ಮಾಡಿದಳು.

"ಕೆಲಸ ತುಂಬಾ ಚೆನ್ನಾಗಿ ಮಾಡ್ತಾರೆ. ಒಂದೇ ವಿಷಯ. ಅಂಗಡೀಲಿ ನಾನೊಬ್ಳೇ ಇರೋದು. ಮನೇಲಿ ಹೆದರಿಸ್ತಿದ್ದಾರೆ. ನನ್ನ ಜಾಗದಲ್ಲಿ ನೀವಿದ್ದಿದ್ರೆ ಅವರನ್ನ ಕೆಲಸಕ್ಕೆ ತಗೋತಿದ್ರಾ?"

ಕಣ್ಣು ಮುಚ್ಚಿಕೊಂಡು ತಗೋತಿದ್ದೆ. ಅದಷ್ಟೇ ಹೇಳಬೇಕಿತ್ತು. ಕಾಲಲ್ಲಿ ತಡೆದು ಹಿಡಿದ ಬಾಗಿಲು ಕಣ್ಣ ಮುಂದೆ ಬಂತು. ನಾನು ಸುಮ್ಮನಿದ್ದೆ. ಬಹಳ ಹೊತ್ತು ಸುಮ್ಮನಿದ್ದೆ.

"ಯೋಚನೆ ಮಾಡಿ ತೀರ್ಮಾನ ಮಾಡಿ," ಎಂದೆ ಕೊನೆಗೆ.

"ಅರ್ಥ ಆಯ್ತು," ಎಂದು ಅವಳು ಫೋನ್ ಇಟ್ಟಳು.

ಸೋಮವಾರ ಅವನು ಬಂದ. ಕೆಲಸ ಬೇಡ ಅಂದರಂತೆ.

"ಅವರದೇನೂ ತಪ್ಪಿಲ್ಲ ಮೇಡಂ. ಒಬ್ಬರೇ ಇರೋ ಹೆಂಗಸು. ಭಯ ಇರುತ್ತೆ."

ಅವಳ ಪರವಾಗಿ ಮಾತಾಡುತ್ತಿದ್ದಾನೆ ಎಂದು ಆಗಲೂ ಉರಿಯಿತು. ಆದರೆ ಹೊರಡುವಾಗ ಅವನು ಬಾಗಿಲ ಮುಂದೆ ಹೋಗಿ ನಿಂತುಬಿಟ್ಟ. ನಾನು ಎದ್ದು ತೆಗೆಯುವವರೆಗೂ ನಿಂತೇ ಇದ್ದ. ನನ್ನ ನಾಲ್ಕು ಹೆಜ್ಜೆ ನನಗೆ ವಾಪಸ್ ಸಿಕ್ಕಿತ್ತು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ಸಂಜೆ ಒಗೆದ ಹಾಸಿಗೆ ಬಟ್ಟೆ ಮಡಚುತ್ತಿದ್ದೆವು, ಆ ತುದಿ ಅವರು, ಈ ತುದಿ ನಾನು.

"ನೆಟ್ಟಗೆ ಹಿಡಿಯೇ. ಯಾರ ಮೇಲೆ ಸಿಟ್ಟು?"

ಹೇಳಿದೆ. ಫೋನಿನ ವಿಷಯವನ್ನೂ ಹೇಳಿದೆ. ಅವರು ಕೇಳಿದ್ದು ಬೇರೆಯೇ.

"ನೋಡೋಕೆ ಹೇಗಿದ್ದಾಳೆ?"

"ಯಾರು?"

"ಸೋಫಾದವಳು."

"ಚೆನ್ನಾಗಿದ್ದಾಳೆ."

"ಅದಕ್ಕೇ ಮತ್ತೆ. ಹೊಟ್ಟೆಕಿಚ್ಚು."

"ಅತ್ತೆ, ಹಾಗೇನಿಲ್ಲ..."

"ಇರ್ಲಿ ಬಿಡು. ಮೂರು ವರ್ಷದಿಂದ ಗೋಡೆ ಜೊತೆ ಸಂಸಾರ ಮಾಡಿದ ಹಾಗಾಗಿತ್ತು ನಂಗೆ. ಗೋಡೆಗೆ ಹೊಟ್ಟೆಕಿಚ್ಚು ಬರಲ್ಲ." ಬಟ್ಟೆಯ ತುದಿಯನ್ನು ನನ್ನ ಕೈಗೆ ತಂದು ಸೇರಿಸಿದರು. ಅವರ ಬೆರಳು ನನ್ನ ಬೆರಳ ಮೇಲೆ ಸ್ವಲ್ಪ ಹೊತ್ತು ಉಳಿಯಿತು. ಸತ್ತವನು ಅವರ ಮಗ. "ಆದ್ರೆ ಅವನ ಹೊಟ್ಟೆ ಮೇಲೆ ಹೊಡೆದಿದ್ದು ತಪ್ಪು. ನಾಳೆ ಹೋಗಿ ಸರಿ ಮಾಡಿ ಬಾ. ಮಿಕ್ಕಿದ್ದು ಆಮೇಲೆ."

ಮರುದಿನ ಅಂಗಡಿಗೆ ಹೋದೆ. ಒಡತಿ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುತ್ತಾ ಕೇಳಿಸಿಕೊಂಡಳು.

"ಅಂದ್ರೆ, ನನ್ನ ಮೇಲಿನ ಹೊಟ್ಟೆಕಿಚ್ಚಿಗೆ?"

"ಹೌದು."

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. "ಬೇಡ ಅಂದ ಮೇಲೂ ಅರ್ಧ ಆಗಿದ್ದ ಕುರ್ಚಿ ಮುಗಿಸಿ, ಕಸ ಗುಡಿಸಿ ಹೋದ್ರು. ಅದನ್ನ ನೋಡ್ಬೇಕಾಗಿದ್ದು ನಾನು, ನೀವಲ್ಲ."

ತಲೆ ತಗ್ಗಿಸಿದೆ. "ಅವರನ್ನ ನಂಬಿ. ಶುಕ್ರವಾರ ಹೇಳಬೇಕಾಗಿದ್ದ ಮಾತು ಇದು."

"ನಾಳೆಯಿಂದ ಬರಕ್ಕೆ ಹೇಳಿ. ಕೆಲಸ ಯಾಕೆ ತಪ್ಪಿತ್ತು ಅನ್ನೋದನ್ನೂ ನೀವೇ ಹೇಳಿ." ಮೊಳೆಯ ಡಬ್ಬಿ ಮುಚ್ಚಿದಳು. "ಇನ್ನೊಂದು ಮಾತು, ಮುಚ್ಚುಮರೆ ಯಾಕೆ. ನಂಗೂ ಅವರು ಇಷ್ಟ ಆದ್ರು. ಬರೀ ಕೆಲಸಗಾರ ಅಂತ ಅಲ್ಲ."

"ಸರಿ," ಎಂದೆ. ನನ್ನ ಕೈಯಾರೆ ಅವನನ್ನು ಅವಳ ಅಂಗಡಿಗೆ ಕಳಿಸಬೇಕಿತ್ತು.

ಆಫೀಸಿಗೆ ಬಂದು, ಅವನ ಫೈಲನ್ನು, ನಾವೆಲ್ಲ ಅಕ್ಕ ಎನ್ನುವ ಹಿರಿಯ ಅಧಿಕಾರಿಯ ಮೇಜಿನ ಮೇಲಿಟ್ಟು, ಇನ್ನು ಇದು ನನ್ನಿಂದ ಆಗಲ್ಲ ಎಂದೆ. ಫೋನಿನ ವಿಷಯವನ್ನೂ ಹೇಳಿದೆ. ಅಕ್ಕ ಕನ್ನಡಕದ ಮೇಲಿಂದ ನೋಡಿ, "ಬರೆದು ಕೊಡು," ಎಂದರಷ್ಟೇ. ಬರೆದು ಕೊಟ್ಟೆ.

ಅವನು ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಕೂತು ಮನೆ ಮಾಲೀಕರ ಡ್ರಾಯರ್ ಉಜ್ಜುತ್ತಿದ್ದ. ರೆಪ್ಪೆಯ ಮೇಲೆಲ್ಲ ಮರದ ಹುಡಿ. ನಾನು ನಿಂತೇ ಎಲ್ಲ ಹೇಳಿದೆ.

ಅವನು ಉಜ್ಜುವ ಕಾಗದವನ್ನು ಮಡಚಿ ಕೆಳಗಿಟ್ಟ.

"ನಾಲ್ಕು ದಿನ ನನ್ನ ಕೈ ನೋಡ್ಕೊಂಡು ಕೂತಿದ್ದೆ ಮೇಡಂ. ಈ ಸಲ ಇವು ಏನು ಮಾಡಿದ್ವು ಅಂತ."

"ಅವೇನೂ ಮಾಡಿಲ್ಲ. ನಾನು ಮಾಡಿದ್ದು."

"ಯಾಕೆ?"

"ನೀವು ಅಲ್ಲಿ ನಕ್ರಿ."

"ನಗಬಾರ್ದಾ?"

"ನನ್ನ ಎದುರಿಗೆ ಒಂದು ದಿನಾನೂ ನಕ್ಕಿಲ್ಲ."

ಅವನು ನನ್ನನ್ನು ನೋಡಿದ. ಪೆನ್ನು ನೋಡುತ್ತಿದ್ದ ಕಣ್ಣು ಮೊದಲ ಸಲ ಮೇಲೆ ಬಂತು, ನಿಧಾನಕ್ಕೆ, ಕುತ್ತಿಗೆ, ಗಲ್ಲ, ಆಮೇಲೆ ನನ್ನ ಕಣ್ಣು.

"ನಿಮ್ಮ ಮುಂದೆ ಫೈಲ್ ಇರ್ತಿತ್ತು. ನಕ್ಕರೆ ಅದನ್ನೂ ಬರ್ಕೋತೀರಿ ಅಂತ ಹೆದರಿಕೆ."

"ಫೈಲ್ ಈಗ ನನ್ನ ಹತ್ರ ಇಲ್ಲ. ಅಕ್ಕನಿಗೆ ಕೊಟ್ಟುಬಿಟ್ಟೆ."

"ಹಾಗಾದ್ರೆ ಈಗ ಯಾರಾಗಿ ಬಂದಿದ್ದೀರಿ?"

"ಹೊಟ್ಟೆಕಿಚ್ಚಿನವಳು," ಎಂದೆ.

ಅವನು ನಗಲಿಲ್ಲ. ಪಕ್ಕದ ಮೆಟ್ಟಿಲ ಮೇಲಿನ ಹುಡಿಯನ್ನು ಅಂಗೈಯಿಂದ ಒರೆಸಿದ. ನಾನು ಕೂತೆ. ಮೊಣಕೈಗಳ ನಡುವೆ ಒಂದು ಗೇಣು ಜಾಗವಿತ್ತು. ಇಬ್ಬರೂ ಆ ಗೇಣನ್ನೇ ನೋಡುತ್ತಾ ಕೂತೆವು.

"ನಂಗಿನ್ನೂ ಸಿಟ್ಟಿದೆ," ಎಂದ.

"ಇರ್ಲಿ."

"ನಾಳೆ ಕೆಲಸಕ್ಕೆ ಹೋಗ್ತೀನಿ."

"ಹೋಗಿ."

"ಅಲ್ಲಿ ನಗ್ತೀನಿ."

"ಗೊತ್ತು. ಅವಳಿಗೆ ನೀವು ಇಷ್ಟ."

"ಅದೂ ಗೊತ್ತಾ? ನಿಮಗೆ ಉರಿಯುತ್ತೆ ಹಾಗಾದ್ರೆ."

"ಉರಿಯುತ್ತೆ."

"ಐದೂವರೆಗೆ ಅಂಗಡಿ ಮುಚ್ಚುತ್ತೆ," ಎಂದ ಅವನು, ಡ್ರಾಯರನ್ನು ಮತ್ತೆ ಮಡಿಲಿಗೆ ಎಳೆದುಕೊಳ್ಳುತ್ತಾ. ತುಟಿಯ ಒಂದು ತುದಿಯಲ್ಲಿ ಓರೆ ಹಲ್ಲು ಕಂಡೂ ಕಾಣದ ಹಾಗೆ ಇಣುಕಿತು. "ಆಮೇಲೆ ಬಂದು ನನ್ನ ಜೊತೆ ಜಗಳ ಆಡಿ."

"ನಾಳೆನಾ?"

"ನಾಳೆಯಿಂದ."