ಮೇಲಿನ ಸಾಲಿನಲ್ಲಿ ಹೆಸರಿಲ್ಲ

ವೆಂಡಲ್ ಪ್ರೂಸಾಕ್ ಮೇಲೆ ಮಾರ್ಲಿಸ್‌ಗೆ ಅನುಮಾನ ಹುಟ್ಟಿದ್ದೇ ಅವನು ತೀರಾ ಒಳ್ಳೆಯವನು ಎಂಬ ಕಾರಣಕ್ಕೆ.

ಅವಳಿಗೆ ಮೂವತ್ತೊಂಬತ್ತು. ಗ್ರೀನ್ ಬೇಯ ಚೀಸ್ ಕಾರ್ಖಾನೆಯಲ್ಲಿ ಮೂಸಿ, ಚಿವುಟಿ, ನಾಲಿಗೆಗಿಟ್ಟು ಚೀಸಿಗೆ ದರ್ಜೆ ಕೊಡುವುದು ಅವಳ ಕೆಲಸ. ಹೊರಗೆ ಬಂಗಾರದ ಬಣ್ಣ, ಒಳಗೆ ಕಹಿ, ಇಂಥದ್ದನ್ನು ವಾರಕ್ಕೆ ಹತ್ತು ಸಲ ಕಂಡವಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಾಲದ್ದಕ್ಕೆ, ಅವಳ ಬಳಿ ಕದಿಯುವಂಥ ಒಂದು ಆಸ್ತಿಯೂ ಇತ್ತು. ಲ್ಯಾಂಬೋ ಮೈದಾನದ ನಟ್ಟನಡುವೆ, ಇಪ್ಪತ್ತೆರಡನೇ ಸಾಲಿನಲ್ಲಿ ಎರಡು ಸೀಟು. ತಾತನಿಂದ ಅಪ್ಪನಿಗೆ, ಅಪ್ಪ ಮಾರ್ಚಿನಲ್ಲಿ ತೀರಿಕೊಂಡ ಮೇಲೆ ಅವಳಿಗೆ ಬಂದವು. ಆ ಊರಿನಲ್ಲಿ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಆಟ ನೋಡಲು ಕಾಯಂ ಸೀಟು ಬೇಕೆಂದರೆ ಪಟ್ಟಿಯಲ್ಲಿ ಹೆಸರು ಬರೆಸಿ ಮೂವತ್ತು ವರ್ಷ ಕಾಯಬೇಕು. ಹುಟ್ಟಿದ ದಿನವೇ ಹೆಸರು ಬರೆಸಿದವರು ತಲೆ ನರೆತರೂ ಕಾಯುತ್ತಲೇ ಇದ್ದಾರೆ. ಅಡ್ಡದಾರಿ ಒಂದೇ: ಸೀಟಿರುವ ಮನೆಯಲ್ಲಿ ಹುಟ್ಟಬೇಕು, ಇಲ್ಲವೇ ಸೀಟಿರುವವರನ್ನು ಮದುವೆಯಾಗಬೇಕು.

ಈ ಅಡ್ಡದಾರಿ ಹಿಡಿದು ಬಂದವನೊಬ್ಬನನ್ನು ಅವಳು ಆಗಲೇ ನೋಡಿದ್ದಳು. ಮೂರು ವರ್ಷ ಜೊತೆಗೆ ಓಡಾಡಿದ ಡೆನಿಸ್, ಮದುವೆಯ ಮಾತು ಬಂದ ದಿನ ಉಂಗುರದ ಅಳತೆ ಕೇಳುವ ಮೊದಲು ಸೀಟು ಯಾರ ಹೆಸರಿನಲ್ಲಿದೆ ಎಂದು ಕೇಳಿದ್ದ. ಅಪ್ಪನ ಹೆಸರಲ್ಲಿ ಎಂದಳು. ಮುಂದಿನ ಸೀಸನ್ನಿಗೆ ಅವನು ಇನ್ನೊಬ್ಬಳ ಪಕ್ಕದಲ್ಲಿ, ಇನ್ನೂ ಮುಂದಿನ ಸಾಲಿನಲ್ಲಿ ಕೂತಿದ್ದ.

ವೆಂಡಲ್ ಸಿಕ್ಕಿದ್ದು ಸೆಪ್ಟೆಂಬರಿನ ಒಂದು ಶುಕ್ರವಾರ, ಓಟಿಲಿಯಮ್ಮನ ಹೋಟೆಲಿನಲ್ಲಿ. ಶುಕ್ರವಾರವೆಂದರೆ ಕರಿದ ಮೀನು, ರೈ ಬ್ರೆಡ್ಡು, ಬ್ರಾಂಡಿ, ಮತ್ತು ಒಂದೇ ಒಂದು ಜಗಳ: ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕುಗಳಲ್ಲಿ ಎಲ್ಲ ಕಾಲಕ್ಕೂ ದೊಡ್ಡವನು ಯಾರು? ಆ ವರ್ಷ ಊರಿನ ತಂಡದ ರಾಡ್ಜರ್ಸ್ ನ್ಯೂಯಾರ್ಕಿಗೆ ಹೊರಟುಹೋಗಿದ್ದನಾದ್ದರಿಂದ ಜಗಳಕ್ಕೆ ಇನ್ನಷ್ಟು ಖಾರ ಬಿದ್ದಿತ್ತು.

"ಬಾರ್ಟ್ ಸ್ಟಾರ್. ಏಳು ವರ್ಷದಲ್ಲಿ ಐದು ಚಾಂಪಿಯನ್‌ಶಿಪ್. ಮಾತು ಮುಗೀತು," ಎಂದಳು ಮಾರ್ಲಿಸ್.

"ಮುಗೀಲಿಲ್ಲ ಕಣ್ರೀ," ಎಂದ ಪಕ್ಕದ ಮೇಜಿನವನು. ಉದ್ದನೆಯ ಆಳು, ಕಾಗದದ ಮಿಲ್ಲಿನ ಅಂಗಿ. "ಆಗ ಇದ್ದಿದ್ದು ಹದಿನಾಲ್ಕು ಹದಿನೈದು ತಂಡ. ಈಗ ಮೂವತ್ತೆರಡು."

"ಓಹೋ! ಹಾಗಾದ್ರೆ ನಿಮ್ಮ ದೇವರು ಫಾರ್ವ್ ಇರಬೇಕು. ಎಸೆದಿದ್ರಲ್ಲಿ ಅರ್ಧ ಎದುರಾಳಿ ಕೈಗೇ ಹಾಕ್ದೋನು."

"ಹಾಗೆ ಎಸೆದೇ ಸಾಲಾಗಿ ಮೂರು ವರ್ಷ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ ಅಲ್ವಾ? ರಾಡ್ಜರ್ಸ್ ನಾಲ್ಕು ಸಲ. ಆದ್ರೆ ಅವನು ಕಪ್ ತಂದಿದ್ದು ಒಂದೇ ಸಲ. ಇದನ್ನೆಲ್ಲ ಹೆಂಗ್ರೀ ಒಂದೇ ತಕ್ಕಡಿಗೆ ಹಾಕ್ತೀರ? ಆಗಿನ ಕಾಲದಲ್ಲಿ ಎಸೆಯೋನ ಪಕ್ಕೆಲುಬು ಮುರಿದ್ರೂ ಕೇಳೋರಿರಲಿಲ್ಲ. ಈಗ ಉಸಿರು ತಾಗಿದ್ರೂ ಸೀಟಿ ಊದ್ತಾರೆ." ಅವನು ಜೇಬಿನಿಂದ ಒಂದು ಜಿಡ್ಡು ಹತ್ತಿದ ನೋಟ್‌ಬುಕ್ ತೆಗೆದ. "ಒಬ್ಬೊಬ್ಬನನ್ನೂ ಅವನ ವರ್ಷದೋರ ಜೊತೆಗೇ ತೂಗಬೇಕು. ಆ ವರ್ಷದ ಮಿಕ್ಕೋರಿಗಿಂತ ಎಷ್ಟು ಮೇಲಿದ್ದ ಅಂತ. ಆಗ ಹಳೇ ಕಾಲದ ಯೂನಿಟಾಸ್‌ನೂ ಈಗಿನ ಬ್ರೇಡಿನೂ ಒಂದೇ ಬೆಂಚಲ್ಲಿ ಕೂರಿಸಬಹುದು."

ವಾದ ಮಾಡುವಾಗ ಅವನ ಕಿವಿ ಕೆಂಪಾಗುತ್ತಿತ್ತು. ಮಾತಿನ ನಡುವೆ ಅವಳ ಮುಖ ನೋಡುವುದು, ಅವಳು ತಿರುಗಿದ ಕೂಡಲೇ ತಟ್ಟೆಯ ಮೀನನ್ನು ಬಹಳ ಗಂಭೀರವಾಗಿ ಪರೀಕ್ಷಿಸುವುದು. ಮಾರ್ಲಿಸ್‌ಗೆ ಒಳಗೊಳಗೇ ನಗು ಬಂತು. ಎಷ್ಟೋ ದಿನದ ಮೇಲೆ ಒಬ್ಬ ಗಂಡಸು ಅವಳ ಜೊತೆ ಸರಿಯಾಗಿ ಜಗಳವಾಡಿದ್ದ.

ಅಷ್ಟರಲ್ಲಿ ಯಾರೋ ಶಿಕಾಗೋದ ಎಂಬತ್ತೈದನೇ ಇಸವಿಯ ತಂಡವೇ ಎಲ್ಲಕ್ಕಿಂತ ದೊಡ್ಡದು ಎಂದುಬಿಟ್ಟರು. ಶಿಕಾಗೋದ ಬೇರ್ಸ್ ಎಂದರೆ ಈ ಊರಿಗೆ ನೂರು ವರ್ಷದ ಹಗೆ. ಮಾರ್ಲಿಸ್ ಫೋರ್ಕನ್ನೇ ಕತ್ತಿಯಂತೆ ಎತ್ತಿದಳು. "ನಮ್ಮನೆಗೆ ಕಳ್ಳ ಬಂದ್ರೂ ಊಟಕ್ಕೆ ಕೂರಿಸ್ತೀವಿ. ಬೇರ್ಸ್ ಕಡೆಯೋನಿಗೆ ಮಾತ್ರ ನೀರೂ ಕೊಡಲ್ಲ!"

ಹೋಟೆಲೆಲ್ಲ ಮೇಜು ಗುದ್ದಿ ನಕ್ಕಿತು. ವೆಂಡಲ್ ನೀರು ಕುಡಿದ.

"ನೀವು ಯಾವ ಕಡೆಯೋರು?" ಎಂದು ಕೇಳಿದಳು.

"ದಕ್ಷಿಣಕ್ಕೆ. ರಾಜ್ಯದ ಗಡಿ ಹತ್ತಿರ," ಎಂದು ಅವನು ಉಪ್ಪಿನ ಡಬ್ಬಿಯನ್ನು ಅವಳ ಕಡೆ ಸರಿಸಿದ. ಅವಳು ಉಪ್ಪು ಕೇಳಿರಲಿಲ್ಲ.

ಅಕ್ಟೋಬರಿನ ಹೊತ್ತಿಗೆ ಎರಡು ಮೇಜು ಒಂದಾಯಿತು. ನವೆಂಬರಿನಲ್ಲಿ 'ನೀವು' ಹೋಗಿ 'ನೀನು' ಬಂತು. ಮೊದಲ ಹಿಮ ಬಿದ್ದ ಸಂಜೆ ಅವನು ಅವಳ ಕಾರಿನ ಗಾಜು ಕೆರೆದುಕೊಟ್ಟು, ತನ್ನ ಕೈಗವಸು ಬಿಚ್ಚಿ ಅವಳ ಕೈಗೆ ತೊಡಿಸಿದ. ಒಂದೊಂದೇ ಬೆರಳು ಹುಡುಕಿ ಹುಡುಕಿ, ಬಹಳ ನಿಧಾನವಾಗಿ. ಮನೆಗೆ ಹೋಗಿ ಆ ಕೈಗವಸನ್ನು ಮೂಸಿ ನೋಡಿದಳು. ಎಣ್ಣೆ, ಕಾಗದ, ಸಾಬೂನು. ಯಾವ ದೋಷವೂ ಸಿಗಲಿಲ್ಲ. ಅದಕ್ಕೇ ಅವಳಿಗೆ ಭಯವಾಯಿತು.

ಏಕೆಂದರೆ ಲೆಕ್ಕ ಎಲ್ಲೋ ತಾಳೆಯಾಗುತ್ತಿರಲಿಲ್ಲ. ಅಪ್ಪನ ಸೀಟು ಖಾಲಿ ಇದೆ, ಬಾ ಎಂದು ಮೂರು ಸಲ ಕರೆದಿದ್ದಳು. ಮೂರು ಸಲವೂ ಅವನಿಗೆ ಏನೋ ಕೆಲಸ. ಪ್ರತಿ ಭಾನುವಾರ ಬೆಳಿಗ್ಗೆ ಅವನ ಕಾರು ದಕ್ಷಿಣಕ್ಕೆ ಹೋಗುತ್ತಿತ್ತು, ರಾತ್ರಿ ಬರುತ್ತಿತ್ತು. ಗ್ರೀನ್ ಬೇಯಲ್ಲಿ ಪುಕ್ಕಟೆ ಸೀಟು ಬೇಡ ಎನ್ನುವ ಗಂಡಸನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಬೆಕ್ಕು ಇಲಿಗೆ ಕಾಯೋವಾಗ ಬಾಲಾನೂ ಅಲ್ಲಾಡ್ಸಲ್ಲ ಕಣೇ," ಎಂದ ಅವಳ ಅಣ್ಣ ಗಾರ್ಡಿ. "ಆಸೆ ಇಲ್ಲದೋನ ಹಾಗೆ ನಟಿಸ್ತಿದಾನೆ. ಉಂಗುರ ಹಾಕಿದ ಮಾರನೇ ದಿನ ನೋಡು, ಮೈಯೆಲ್ಲ ನಮ್ಮ ತಂಡದ ಹಸಿರು ಹಳದಿ ಬಳ್ಕೊಂಡು ಬಂದು ಕೂರ್ತಾನೆ."

"ಭಾನುವಾರ ಎಲ್ಲಿಗೆ ಹೋಗ್ತಾನಂತೆ ಅಣ್ಣ?"

"ಹೆಂಡ್ತಿ ಇರಬಹುದು," ಎಂದು ಗಾರ್ಡಿ ಅವಳ ಅನುಮಾನಕ್ಕೆ ಇನ್ನೊಂದು ಕಡ್ಡಿ ಗೀರಿದ.

ಅದರ ಮೇಲೆ ಆ ನೋಟ್‌ಬುಕ್. ಒಮ್ಮೆ ಅವನು ಕೈತೊಳೆಯಲು ಎದ್ದಾಗ ಅವಳು ಪುಟ ತಿರುಗಿಸಿದ್ದಳು. ಗ್ರೇಹ್ಯಾಮ್, ಯೂನಿಟಾಸ್, ಸ್ಟಾರ್, ಮೊಂಟಾನಾ, ಬ್ರೇಡಿ, ಎಲ್ಲರೂ ಕ್ರಮವಾಗಿ ಇದ್ದರು. ಅವರೆಲ್ಲರ ಮೇಲೆ ಒಂದು ಸಾಲು: ಹತ್ತು ಪಂದ್ಯ, ಇನ್ನೂರ ಎರಡು ಎಸೆತ, ಅದರಲ್ಲಿ ಅಂಕ ತಂದ ಟಚ್‌ಡೌನ್ ಇಪ್ಪತ್ತೆಂಟು. ಹೆಸರು ಮಾತ್ರ ಇರಲಿಲ್ಲ. ಯಾರಿದು ಎಂದು ಕೇಳಿದ್ದಕ್ಕೆ ನೋಟ್‌ಬುಕ್ ಮುಚ್ಚಿ, "ಇನ್ನೂ ತೀರ್ಮಾನ ಆಗಿಲ್ಲ," ಎಂದಿದ್ದ. ಕಿವಿ ಕೆಂಪಾಗಿತ್ತು. ಹೆಸರು ಮುಚ್ಚಿಡುವವನು ಇನ್ನೇನೇನು ಮುಚ್ಚಿಟ್ಟಿರಬಹುದು?

ಹೊಸ ವರ್ಷದ ಮೊದಲ ಶುಕ್ರವಾರ ಓಟಿಲಿಯಮ್ಮ ಅವಳನ್ನು ಅಡುಗೆಮನೆ ಬಾಗಿಲಿಗೆ ಕರೆದಳು. "ಹೇಳಬಾರದು ಅಂದ್ಕೊಂಡಿದ್ದೆ ಮಗಳೇ. ಆ ಹುಡುಗ ನಿನ್ನ ಸೀಟು ಯಾವ ಭಾಗದಲ್ಲಿದೆ, ಎಷ್ಟನೇ ಸಾಲು ಅಂತ ನನ್ನ ಹತ್ರ ಕೇಳಿ ಬರ್ಕೊಂಡ."

ಇಷ್ಟು ದಿನ ಮಾರ್ಲಿಸ್ ಅನುಮಾನಪಟ್ಟಿದ್ದು ಸುಳ್ಳಾಗಲಿ ಎಂದೇ ಅಲ್ಲವೇ? ಪ್ರೀತಿ ಹುಟ್ಟಿಬಿಟ್ಟಿದೆ ಎಂದು ಅವಳಿಗೆ ಖಚಿತವಾದದ್ದು ಆಗಲೇ, ಎದೆ ಅಷ್ಟು ನೋಯದಿದ್ದರೆ ಗೊತ್ತಾಗುತ್ತಿರಲಿಲ್ಲ. ನೇರ ಹೋಗಿ ಅವನ ಎದುರು ನಿಂತಳು.

"ಇಪ್ಪತ್ತೆರಡನೇ ಸಾಲು. ಸಾಕಾ, ಸೀಟಿನ ನಂಬರೂ ಬೇಕಾ? ಮದುವೆ ಆದ್ರೆ ನಿನ್ನ ಹೆಸರಿಗೂ ಬರುತ್ತೆ, ಅದನ್ನೂ ವಿಚಾರಿಸಿರಬೇಕು!"

ವೆಂಡಲ್ ಎದ್ದುನಿಂತ. "ಮಾರ್ಲಿಸ್, ನಿನ್ನ ಸೀಟು ನನಗೆ ಬೇಡ."

"ಮತ್ತೆ ಯಾಕೆ ಕೇಳ್ದೆ? ಭಾನುವಾರ ಎಲ್ಲಿಗೆ ಹೋಗ್ತೀಯ? ಆ ಮೇಲಿನ ಸಾಲು ಯಾರದು? ಒಂದಕ್ಕಾದ್ರೂ ನಿಜ ಹೇಳು!"

ಅವನು ಸುತ್ತ ನೋಡಿದ. ನಲವತ್ತು ಜನ ಹಸಿರು ಜರ್ಸಿ ತೊಟ್ಟು ಮೀನು ತಿನ್ನುವುದನ್ನು ನಿಲ್ಲಿಸಿದ್ದರು.

"ಸಿಡ್ ಲಕ್‌ಮನ್," ಎಂದ ಮೆಲ್ಲಗೆ. "ಸಾವಿರದ ಒಂಬೈನೂರ ನಲವತ್ಮೂರು. ನೂರು ಎಸೆದ್ರೆ ಹದಿನಾಲ್ಕು ಟಚ್‌ಡೌನ್. ಅವನ ಕಾಲದಲ್ಲಿ ಅವನ ಹತ್ರಕ್ಕೂ ಯಾರೂ ಬರಲಿಲ್ಲ. ಇವತ್ತಿನವರೆಗೂ ಆ ಲೆಕ್ಕ ಮುರಿದೋರಿಲ್ಲ."

"ಲಕ್‌ಮನ್... ಅವನು ಶಿಕಾಗೋದೋನು," ಎಂದಳು ಓಟಿಲಿಯಮ್ಮ, ಸಾವಿನ ಸುದ್ದಿ ಹೇಳುವ ದನಿಯಲ್ಲಿ.

"ನಾನೂ ಆ ಕಡೆಯೋನೇ ಅಮ್ಮ. ವಾಕೀಗನ್. ಗಡಿ ಹತ್ತಿರಾನೇ, ಆದ್ರೆ ಆಚೆ ಪಕ್ಕ." ಅವನು ಮಾರ್ಲಿಸ್ ಕಡೆ ತಿರುಗಿದ. "ಭಾನುವಾರ ಅಪ್ಪನ ಮನೆಗೆ ಹೋಗಿ ಬೇರ್ಸ್ ಆಟ ನೋಡ್ತೀನಿ. ಅದರ ಮಧ್ಯೆ ಅಪ್ಪನ ಹತ್ರ ಬೈಸಿಕೊಂಡು ನಿಮ್ಮ ಆಟದ ಚಾನೆಲ್ ಹಾಕ್ತೀನಿ. ಕ್ಯಾಮೆರಾ ಜನರ ಕಡೆ ತಿರುಗಿದಾಗ ನಿನ್ನ ಹಳದಿ ಟೋಪಿ ಎಲ್ಲಿ ಹುಡುಕಬೇಕು ಅಂತ ಗೊತ್ತಿರಲಿಲ್ಲ. ಅದಕ್ಕೇ ಸಾಲು ಕೇಳ್ದೆ. ಮೊದಲ ದಿನವೇ ನೀರೂ ಕೊಡಲ್ಲ ಅಂದುಬಿಟ್ಟೆ ನೀನು. ಆಮೇಲೆ ಹೇಳೋಕೆ ಧೈರ್ಯ ಬರಲಿಲ್ಲ."

ಮಾರ್ಲಿಸ್ ಕೋಟು ಎತ್ತಿಕೊಂಡು ಹೊರಟುಹೋದಳು.

ಹಿಂದೆಯೇ ಮನೆಗೆ ಬಂದ ಗಾರ್ಡಿ ಕುಣಿಯುವುದೊಂದು ಬಾಕಿ. "ನೋಡಿದ್ಯಾ! ಹೇಳಿದ್ನಲ್ಲ, ಮೋಸಗಾರ! ನಾಲ್ಕು ತಿಂಗಳಿಂದ!"

"ಅಣ್ಣ," ಎಂದಳು ಅವಳು, ಬೂಟಿನ ಹಿಮ ಕೊಡವುತ್ತಿದ್ದವಳು ತಟ್ಟನೆ ನಿಂತು. "ಬೇರ್ಸ್ ಕಡೆಯೋನಿಗೆ ನಮ್ಮ ಸೀಟು ಯಾತಕ್ಕೆ?"

ಗಾರ್ಡಿ ಟೋಪಿ ತೆಗೆದು ತಲೆ ಕೆರೆದುಕೊಂಡ.

ಅವಳು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಡೀ ಊರಿನಲ್ಲಿ ಅವಳನ್ನು ಅವಳಿಗಾಗಿಯೇ ಬಯಸಬಲ್ಲ ಗಂಡಸು ಯಾರಾದರೂ ಇದ್ದರೆ ಅದು ಹಗೆಯ ಪಾಳಯದವನೇ ಆಗಿರಬೇಕಿತ್ತು. ಆದರೆ ಹುಟ್ಟುಗುಣ ಅಷ್ಟು ಬೇಗ ಬಿಡುತ್ತದೆಯೇ? ಮಲಗುವ ಹೊತ್ತಿಗೆ ಇನ್ನೊಂದು ಹುಳ ಹೊಕ್ಕಿತು: ಸಿಕ್ಕಿಬಿದ್ದಾಗ ತಪ್ಪಿಸಿಕೊಳ್ಳಲೆಂದೇ ಆ ಹೆಸರು ಹೇಳಿದ್ದರೆ? ಬೆಳಿಗ್ಗೆ ಎದ್ದವಳೇ ಫೋನ್ ಮಾಡಿದಳು.

"ನಾಳೆ ನಿಮ್ಮೋರು ಇಲ್ಲಿಗೆ ಬರ್ತಿದಾರೆ. ಆಟಕ್ಕೆ ಬಾ. ನಿನ್ನ ಬಣ್ಣ ಹಾಕ್ಕೊಂಡು ಬಾ."

"ಅಲ್ಲಿ ನನ್ನ ಹಸಿಹಸಿ ತಿಂದ್ಬಿಡ್ತಾರೆ ಮಾರ್ಲಿಸ್."

"ತಿನ್ನಲಿ. ನಾನು ಪಕ್ಕದಲ್ಲೇ ಇರ್ತೀನಿ."

ಭಾನುವಾರ ಅವನು ಬಂದ. ಕಡುನೀಲಿ ಕೋಟು, ಕಿತ್ತಳೆ ಪಟ್ಟಿಯ ಹಳೆಯ ಉಣ್ಣೆ ಟೋಪಿ, ಎದೆಯ ಮೇಲೆ ಅಪ್ಪನ ಕಾಲದ ಬೇರ್ಸ್ ಬ್ಯಾಡ್ಜ್. ನಟನೆಗೆ ಯಾರೂ ಇಷ್ಟು ದೂರ ಹೋಗುವುದಿಲ್ಲ. ಮೆಟ್ಟಿಲು ಇಳಿಯುವಷ್ಟು ದಾರಿಯೂ ಬೈಗುಳದ ಮಳೆ. ಯಾರೋ ಚೀಸಿನ ಚೂರು ಎಸೆದರು. ಅವನು ಕೆಂಪು ಕಿವಿ ಹೊತ್ತು, ಯಾರಿಗೂ ತಿರುಗಿ ಒಂದು ಮಾತನ್ನೂ ಆಡದೆ, ಇಪ್ಪತ್ತೆರಡನೇ ಸಾಲಿಗೆ ಬಂದು ನಿಂತ.

ಮಾರ್ಲಿಸ್ ಸರಿದು ಜಾಗ ಕೊಟ್ಟಳು. ಅಲ್ಲಿ ಇರುವುದು ಬರೀ ಬೆಂಚು, ಒಬ್ಬರಿಗೆ ಹದಿನೆಂಟು ಅಂಗುಲ. ದಪ್ಪ ಕೋಟು ತೊಟ್ಟ ಇಬ್ಬರು ಕೂತರೆ ಭುಜ, ತೊಡೆ, ಮೊಣಕೈ ಯಾರದು ಯಾವುದೆಂದು ಹೇಳುವುದು ಕಷ್ಟ. ಅವನು ಆದಷ್ಟು ಮುದುಡಿಕೊಳ್ಳಲು ನೋಡಿದ. ಅವಳು ಮುದುಡಲಿಲ್ಲ.

ಹಿಂದಿನ ಸಾಲಿನಲ್ಲಿ ನಲವತ್ತು ವರ್ಷದಿಂದ ಕೂರುತ್ತಿದ್ದ ಹ್ಯೂಬರ್ಟ್ ತಾತ ಮುಂದಕ್ಕೆ ಬಗ್ಗಿದ.

"ಏನೇ ಇದು? ನಿಮ್ಮಪ್ಪ ಕೂರ್ತಿದ್ದ ಜಾಗ ಅದು! ಯಾರನ್ನ ತಂದು ಕೂರಿಸಿದ್ದೀಯ ಅಲ್ಲಿ?"

ಸುತ್ತಲಿನ ನಾಲ್ಕು ಸಾಲು ಅವಳ ಉತ್ತರಕ್ಕೆ ಕಾದಿತ್ತು. ಇವರೆಲ್ಲ ಅವಳನ್ನು ತೊಟ್ಟಿಲಿನಿಂದ ಬಲ್ಲವರು, ಮಾರ್ಚಿನಲ್ಲಿ ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಪಕ್ಕದಲ್ಲಿ ವೆಂಡಲ್ ಏಳಲು ಹೊರಟಿದ್ದ. ಅವಳು ಅವನ ಮೊಣಕೈ ಹಿಡಿದು ಕೂರಿಸಿದಳು.

"ನನ್ನ ಗಂಡ ಆಗೋನು ತಾತ."

"ಅವನು ಬೇರ್ಸ್ ಕಡೆಯೋನು ಕಣೇ!"

"ಗೊತ್ತು. ಅದಕ್ಕೇ ನಂಬಿಕೆ ಬಂದಿರೋದು."

ವೆಂಡಲ್ ಅವಳ ಕಡೆ ತಿರುಗಿದ. ಕಿವಿಯ ಕೆಂಪು ಈಗ ಕುತ್ತಿಗೆಗೂ ಇಳಿದಿತ್ತು. "ಇದು... ಯಾವಾಗ ತೀರ್ಮಾನ ಆಯ್ತು?"

"ಈಗ," ಎಂದಳು ಮಾರ್ಲಿಸ್. ಅವನ ಕೈಯನ್ನು ಎಳೆದು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. "ನಿನಗೆ ಬೇಡ ಅನ್ನಿಸಿದ್ರೆ ಅರ್ಧ ಆಟದ ಹೊತ್ತಿಗೆ ಹೇಳು. ಈಗ ಮುಂದೆ ನೋಡು, ನಿಮ್ಮೋರನ್ನ ಚಚ್ಚೋದು ಶುರುವಾಗುತ್ತೆ."

ಅರ್ಧ ಆಟವಾದಾಗ ಅವನು ಏನೂ ಹೇಳಲಿಲ್ಲ. ಕೈಯನ್ನೂ ಜೇಬಿನಿಂದ ತೆಗೆಯಲಿಲ್ಲ.