ಹೆಸರುಬಾಕನೂ ಬಾಚಲೆಯ ಅಂಟುಚಿತ್ರವೂ

ಬಹಳ ಹಿಂದೆ, ನಮ್ಮ ತಾತನ ತಾತನಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಕದಿರಾಪುರವೆಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಅಂಟುಚಿತ್ರದವರ ಕೇರಿ ಎಂದು ಒಂದು ಕೇರಿ. ಅಲ್ಲಿಯವರು ಕುಂಚ ಮುಟ್ಟಿದವರಲ್ಲ. ಬಣ್ಣದ ಕಾಗದ ಕತ್ತರಿಸಿ, ಅಕ್ಕಿಗಂಜಿಯ ಅಂಟು ಬಳಿದು, ಹಲಗೆಯ ಮೇಲೆ ಹಚ್ಚಿ ಚಿತ್ರ ಮಾಡುತ್ತಿದ್ದರು. ಅವರು ಹಚ್ಚಿದ ಗಿಳಿಯ ಮೇಲೆ ಹಾರಲು ಹೋಗಿ ಎಷ್ಟೋ ಬೆಕ್ಕುಗಳು ಗೋಡೆಗೆ ಮೂತಿ ಜಜ್ಜಿಕೊಂಡಿದ್ದವು.

ಆ ಕೇರಿಗೊಂದು ಕಟ್ಟಳೆ. ಅಂಟಿನ ಬಟ್ಟಲಿಗೆ ಬೆರಳು ಹಾಕುವ ಮುಂಚೆ ಕೇರಿಯ ಹಿರಿಯನ ಮುಂದೆ ನಿಂತು, ತಾನು ಮಾಡಹೊರಟಿರುವುದು ಏನೆಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಬೇಕು. ಇದಕ್ಕೆ ಅವರು ಹೇಳಿಕೆ ಎನ್ನುತ್ತಿದ್ದರು. ಆನೆ ಎಂದವನು ಆನೆಯನ್ನೇ ಮಾಡಬೇಕು. ಮಾಡುತ್ತ ಮಾಡುತ್ತ ಅದು ಬಂಡೆಯಂತೆ ಕಂಡರೆ, ಎಷ್ಟೇ ಚೆಂದವಿರಲಿ, ಹರಿದು ನೀರಿನ ತೊಟ್ಟಿಗೆ ಹಾಕುತ್ತಿದ್ದರು. ಹಾಗೆ ಕರಗಿಹೋದ ಒಳ್ಳೊಳ್ಳೆಯ ಬಂಡೆಗಳನ್ನು ನೆನೆದರೆ ನನಗಂತೂ ಹೊಟ್ಟೆ ಉರಿಯುತ್ತದೆ.

ಈ ಕೇರಿಯಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ಕೇತಲೆ ಕಾಗದಕ್ಕೆ ಬಣ್ಣ ಹಾಕುವವಳು, ತಂಗಿ ಬಾಚಲೆ ಕತ್ತರಿಸಿ ಹಚ್ಚುವವಳು. ಅಪ್ಪ ಅಮ್ಮ ಇಲ್ಲದ ಬಾಚಲೆಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು ಕೇತಲೆಯೇ. ಆಕೆಯ ಬೆರಳು ವರ್ಷವಿಡೀ ನೀಲಿ. ಅದೇ ಬೆರಳಲ್ಲಿ ತಂಗಿಯ ಕೆನ್ನೆ ಹಿಂಡಿ ಹಿಂಡಿ, ಬಾಚಲೆಯ ಕೆನ್ನೆಯ ಮೇಲೂ ಸದಾ ಒಂದು ನೀಲಿ ಗುರುತು ಇರುತ್ತಿತ್ತು.

ರಾಜ್ಯದ ಆಚೆ ಬೋಳುಗುಡ್ಡದ ಮೇಲೆ ಹೆಸರುಬಾಕನೆಂಬ ಮಾಂತ್ರಿಕನಿದ್ದ. ಹೊಟ್ಟೆಬಾಕರು ಅನ್ನಕ್ಕೆ ಆಸೆಪಟ್ಟರೆ ಇವನಿಗೆ ಹೆಸರಿನ ಆಸೆ. ಆನೆ ಗಾತ್ರದ ಗೋಸುಂಬೆಯೊಂದು ಅವನ ವಾಹನ. ಅದರ ಮೇಲೆ ಕೂತು ಬಂದು, ಯಾವುದಾದರೂ ಚಿತ್ರವನ್ನು ನೋಡಿ, ಅದು ಯಾವುದರ ಚಿತ್ರವೆಂದು ಹೆಸರು ಹೇಳುವನು. ಹೆಸರು ಸರಿಯಾದರೆ ಗೋಸುಂಬೆ ನಾಲಿಗೆ ಚಾಚಿ ಹಲಗೆಯನ್ನು ಒಮ್ಮೆ ನೆಕ್ಕುವುದು. ಅಷ್ಟೇ, ಹಲಗೆಯ ಮೇಲಿನ ಚಿತ್ರವೂ ಇಲ್ಲ, ಲೋಕದಲ್ಲಿದ್ದ ಆ ವಸ್ತುವೂ ಇಲ್ಲ. ಎರಡೂ ಗೋಸುಂಬೆಯ ಹೊಟ್ಟೆಯಲ್ಲಿ. ಹೀಗೆ ರಾಜ್ಯದ ನವಿಲುಗಳು ಹೋದವು. ರಾಣಿಯ ತೂಗುಮಂಚ ಹೋಯಿತು. ಸೈನಿಕರು ಬಿಟ್ಟ ಬಾಣಗಳು ಗೋಸುಂಬೆಯ ಚರ್ಮಕ್ಕೆ ತಾಗಿ ಕಡ್ಡಿಯ ಹಾಗೆ ಮುರಿದು ಬಿದ್ದವು.

ಒಂದು ದಿನ ಬಾಚಲೆಗೆ ಅಕ್ಕನ ಮೇಲೆ ಪ್ರೀತಿ ಉಕ್ಕಿತು. ಕಟ್ಟಳೆಯಂತೆ ಹೇಳಿಕೆ ಕೊಟ್ಟು, ಮೂರು ದಿನ ಕೂತು ಅಕ್ಕನ ಮುಖ ಹಚ್ಚಿದಳು. ಕೊನೆಯ ಹುಬ್ಬು ಹಚ್ಚುವಷ್ಟರಲ್ಲಿ ಬಾಗಿಲು ಕತ್ತಲಾಯಿತು. ಹೆಸರುಬಾಕ ಬಗ್ಗಿ ನೋಡಿ, "ಕೇತಲೆ" ಎಂದ. ಗೋಸುಂಬೆ ನೆಕ್ಕಿತು. ಹಿತ್ತಲಲ್ಲಿ ಬಣ್ಣದ ಹಂಡೆಗೆ ಸೌಟು ಧೊಪ್ಪನೆ ಬಿತ್ತು. ಬಾಚಲೆ ಓಡಿಹೋಗಿ ನೋಡಿದರೆ ಹಂಡೆ ಇತ್ತು, ಬೆಂಕಿ ಇತ್ತು, ಅಕ್ಕ ಇರಲಿಲ್ಲ.

ಬಾಚಲೆ ಗೋಸುಂಬೆಯ ಬಾಲಕ್ಕೆ ಜೋತುಬಿದ್ದಳು. "ನನ್ನಕ್ಕನ್ನ ಬಿಡು! ಬೇಕಾದ್ರೆ ನನ್ನ ನುಂಗು!" ಎಂದು ಕೂಗಿದಳು.

ಹೆಸರುಬಾಕನಿಗೆ ತಮಾಷೆಯೆನಿಸಿತು. "ಏ ಹುಡುಗಿ, ಮೂರು ಚಿತ್ರ ಮಾಡು. ಅದರಲ್ಲಿ ಒಂದೇ ಒಂದಕ್ಕೆ ನಾನು ಹೆಸರು ಹೇಳಲಾರದೆ ಹೋದರೆ, ಇದು ನುಂಗಿದ್ದೆಲ್ಲ ವಾಪಸ್ಸು. ಮೂರಕ್ಕೂ ಹೇಳಿದೆನೋ, ನಿನ್ನಕ್ಕ ಇದರ ಹೊಟ್ಟೆಯಲ್ಲಿ ಅರಗಿಹೋಗ್ತಾಳೆ. ತಿಳೀತಾ?" ಎಂದ.

ಬಾಚಲೆ ತಲೆಯಾಡಿಸಿದಳು. ತನ್ನ ಕೈಯಾರೆ ಅಕ್ಕನನ್ನು ಹಿಡಿದುಕೊಟ್ಟೆನಲ್ಲ ಎಂಬ ಸಂಕಟದಲ್ಲಿ ಅವಳಿಗೆ ಬೇರೇನೂ ತೋಚಲಿಲ್ಲ.

ಮೊದಲ ಚಿತ್ರಕ್ಕೆ ಅವಳು ತುಂಬ ಲೆಕ್ಕಾಚಾರ ಹಾಕಿದಳು. ಎಲ್ಲರೂ ಹೊರಗಿನದನ್ನು ನೋಡುತ್ತಾರೆ, ತಾನು ಒಳಗಿನದನ್ನು ಮಾಡುವುದು ಎಂದುಕೊಂಡಳು. ಕೇರಿಯ ಹಿರಿಯ ಸೋವಜ್ಜನ ಮುಂದೆ ನಿಂತು, "ಅತ್ತಿಹಣ್ಣಿನ ಒಳಗನ್ನ ಮಾಡ್ತೀನಿ" ಎಂದು ಹೇಳಿಕೆ ಕೊಟ್ಟಳು. ಕೆಂಪು ಕಾಗದದ ಸಾವಿರ ಚೂರು ಹಚ್ಚಿದಳು. ಹೆಸರುಬಾಕ ಬಂದ, ಮೂಗಿನ ತುದಿಯಲ್ಲೇ ನಕ್ಕ. "ಅತ್ತಿಹಣ್ಣಿನ ಒಳಗು" ಎಂದ. ಗೋಸುಂಬೆ ನೆಕ್ಕಿತು. ರಾಜ್ಯದ ಅತ್ತಿಹಣ್ಣುಗಳೆಲ್ಲ ಅಂದಿನಿಂದ ಬರಿಯ ಟೊಳ್ಳು.

ಎರಡನೆಯದಕ್ಕೆ ಇನ್ನೂ ಹೆಚ್ಚು ತಲೆ ಓಡಿಸಿದಳು. ಕಣ್ಣಿಗೆ ಕಾಣುವುದನ್ನು ಮಾಡಿದರೆ ತಾನೇ ಅವನಿಗೆ ಗುರುತು ಹತ್ತುವುದು? "ಮಧ್ಯಾಹ್ನ ಉಂಡಾದ ಮೇಲೆ ಬರೋ ತೂಕಡಿಕೆ ಮಾಡ್ತೀನಿ ಅಜ್ಜ" ಎಂದು ಹೇಳಿಕೆ ಕೊಟ್ಟಳು. ಮಾಸಲು ಹಳದಿ, ಮಸುಕು ಕಂದು, ಮೇಲಿಂದ ಕೆಳಕ್ಕೆ ಜಾರುವ ಪಟ್ಟಿಗಳು. ನೋಡಿದ ಸೋವಜ್ಜ ಅಲ್ಲೇ ಆಕಳಿಸಿದ. ಹೆಸರುಬಾಕ ಬಂದು, "ಉಂಡಾದ ಮೇಲಿನ ತೂಕಡಿಕೆ" ಎಂದುಬಿಟ್ಟ. ಅಂದಿನಿಂದ ಕದಿರಾಪುರದಲ್ಲಿ ಮಧ್ಯಾಹ್ನ ಯಾರಿಗೂ ಕಣ್ಣು ಮುಚ್ಚಲಿಲ್ಲ. ಅತ್ತೆಯರು ಮಧ್ಯಾಹ್ನವೂ ಎಚ್ಚರವಿದ್ದದ್ದರಿಂದ ಸೊಸೆಯಂದಿರು ಕಂಗಾಲಾದರು. ಆಸ್ಥಾನದಲ್ಲಿ ಮಂತ್ರಿಗಳು ಹೇಳಿದ್ದನ್ನೆಲ್ಲ ರಾಜ ಪೂರ್ತಿ ಕೇಳಬೇಕಾಗಿ ಬಂದು, ಪಾಪ, ಒಂದೇ ವಾರದಲ್ಲಿ ಇಳಿದುಹೋದ.

ಮೂರನೆಯ ಸಲ ಬಾಚಲೆ ಸೋವಜ್ಜನ ಮುಂದೆ ನಿಂತಳು.

"ಹೇಳವ್ವಾ, ಏನ್ ಮಾಡ್ತೀಯ?" ಎಂದ ಸೋವಜ್ಜ.

"ಗೊತ್ತಿಲ್ಲ ಅಜ್ಜ."

"ಹಂಗಂದ್ರೆ ಹೆಂಗೆ? ಹೇಳಿಕೆ ಇಲ್ದೆ ಅಂಟು ಮುಟ್ಟೋ ಹಂಗಿಲ್ಲ. ಯೋಚ್ನೆ ಮಾಡು."

"ಯೋಚ್ನೆ ಮಾಡಿ ಮಾಡಿಯೇ ಎರಡು ಕಳ್ಕೊಂಡೆ ಅಜ್ಜ. ತಲೆಯೊಳಗೆ ಏನೂ ಉಳಿದಿಲ್ಲ" ಎಂದವಳೇ ಬಾಚಲೆ ಅಂಟಿನ ಬಟ್ಟಲಿಗೆ ಬೆರಳು ಅದ್ದಿಬಿಟ್ಟಳು. ಕೇರಿಯ ಜನ ಕೆನ್ನೆ ಕೆನ್ನೆ ಬಡಿದುಕೊಂಡರು. ಸೋವಜ್ಜ ಸಿಟ್ಟಿನಿಂದ ಎದ್ದವನು, ಹುಡುಗಿಯ ಮುಖ ನೋಡಿ ಮತ್ತೆ ಕೂತ.

ಅವಳು ಕತ್ತರಿ ತಂದಿರಲಿಲ್ಲ. ಅಕ್ಕ ಬಣ್ಣ ಹಾಕಿಟ್ಟಿದ್ದ ಕಾಗದದ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಕೈಗೆ ಸಿಕ್ಕ ನೀಲಿ ಹಾಳೆಯನ್ನು ಪರ್ರನೆ ಹರಿದಳು. ಹರಿದ ಅಂಚಿನಲ್ಲಿ ಕಾಗದದ ಬಿಳಿ ನಾರು ಎದ್ದು ನಿಂತಿತು. ಕತ್ತರಿಸುವವರ ಕೇರಿಯಲ್ಲಿ ಆ ಬಿಳಿಯನ್ನು ಯಾರೂ ನೋಡಿರಲಿಲ್ಲ. ಅವಳು ಆ ಚೂರನ್ನು ಹಲಗೆಯ ಒಂದು ಮೂಲೆಗೆ ಹಚ್ಚಿದಳು. ಅದು ತಬ್ಬಲಿಯಂತೆ ಕಂಡಿತು. ಪಕ್ಕಕ್ಕೊಂದು ಅರಿಶಿನದ ಚೂರು ಇಟ್ಟು ನೋಡಿದಳು, ಇವೆರಡೂ ಜಗಳವಾಡಿದವು. ತೆಗೆದಳು. ಕಾವಿ ಇಟ್ಟಳು, ಜಗಳ ನಿಂತಿತು. ಹಲಗೆಯನ್ನು ತಲೆಕೆಳಗು ಮಾಡಿದಳು. ಈಗ ಮೇಲೆ ಜಾಗ ಜಾಸ್ತಿಯಾಯಿತೆನಿಸಿ ಒಂದು ಉದ್ದನೆಯ ಕಪ್ಪು ಪಟ್ಟಿ ಹಚ್ಚಿದಳು. ಒಂದು ಚೂರು ಮುಂದಿನ ಚೂರನ್ನು ಕೇಳುತ್ತಿತ್ತು, ಅವಳು ಹುಡುಕಿ ಕೊಡುತ್ತಿದ್ದಳು. ಹಚ್ಚಿದ್ದನ್ನು ಕಿತ್ತಾಗ ಉಳಿದ ತರಚು ಗಾಯವೂ ಅವಳಿಗೆ ಬೇಕೆನಿಸಿತು. ಅದನ್ನು ಹಾಗೇ ಬಿಟ್ಟಳು.

ಹೀಗಿರುವಾಗ ಒಂದು ಕಾವಿ ಚೂರೂ ಒಂದು ಅರಿಶಿನದ ಚೂರೂ ತಾವಾಗಿ ಪಕ್ಕಪಕ್ಕ ಬಂದವು. ನಡುವಿನ ಗೆರೆ ನೋಡಿ ಬಾಚಲೆಯ ಕೈ ನಿಂತುಹೋಯಿತು. ಹಂಡೆಯ ಮೇಲೆ ಬಗ್ಗಿದಾಗ ಅಕ್ಕನ ಕೆನ್ನೆಯಿಂದ ಕತ್ತಿಗೆ ಇಳಿಯುವ ಗೆರೆ ಅದು. ಅವಳು ಬೇಕೆಂದು ಮಾಡಿದ್ದಲ್ಲ, ತಾನಾಗಿ ಬಂದದ್ದು. ಇಷ್ಟು ದಿನ ಅವಳು ನೋಡಲು ಹಂಬಲಿಸಿದ ಗೆರೆ. ಅದನ್ನು ಬಿಟ್ಟರೆ ಮಾಂತ್ರಿಕ ಒಂದೇ ಉಸಿರಿಗೆ ಹೆಸರು ಹೇಳುವನು. ಮುಚ್ಚಿದರೆ ಅಕ್ಕನನ್ನು ಮತ್ತೊಮ್ಮೆ ತಾನೇ ಇಲ್ಲವಾಗಿಸಿದಂತೆ. ಬಾಚಲೆ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಬೂದಿ ಬಣ್ಣದ ಹಾಳೆಯೊಂದನ್ನು ಹರಿದು, ಅಂಟು ದಪ್ಪಗೆ ಬಳಿದು, ಆ ಗೆರೆಯ ಮೇಲೆ ಹಚ್ಚಿ ಅಂಗೈಯಿಂದ ಒತ್ತಿ ಹಿಡಿದಳು.

ಆಮೇಲೆ ಇನ್ನೊಂದು ಚೂರಿಗೆ ಕೈ ಚಾಚಿದಳು. ಕೈ ಅರ್ಧಕ್ಕೇ ವಾಪಸ್ಸು ಬಂತು. ಚಿತ್ರಕ್ಕೆ ಇನ್ನೇನೂ ಬೇಕಿರಲಿಲ್ಲ.

ಹೆಸರುಬಾಕ ಬಂದ. ನೋಡಿದ. ಬಲಗಡೆ ವಾಲಿ ನೋಡಿದ, ಎಡಗಡೆ ವಾಲಿ ನೋಡಿದ.

"ಒಡೆದ ಮಡಕೆ" ಎಂದ. ಗೋಸುಂಬೆಯ ನಾಲಿಗೆ ಅಲುಗಲಿಲ್ಲ.

"ಮಳೆ ಬರೋ ಮುಂಚಿನ ಆಕಾಶ." ಅಲುಗಲಿಲ್ಲ.

"ದುಃಖ!" ಎಂದು ಕಿರುಚಿದ. ನಾಲಿಗೆ ತುದಿ ಒಂದಿಷ್ಟು ಹೊರಗೆ ಬಂದು, ಅನುಮಾನಿಸಿ, ಒಳಗೆ ಹೋಯಿತು.

ಹೆಸರುಬಾಕ ಸೋವಜ್ಜನ ಕಡೆ ತಿರುಗಿದ. "ಏ ಮುದುಕ, ಇವಳೇನು ಹೇಳಿಕೆ ಕೊಟ್ಟಳು? ನನ್ನ ಗುಡ್ಡಕ್ಕೆ ಇವತ್ತು ಏನೂ ಕೇಳಿಸಲೇ ಇಲ್ಲ!"

ಆಗ ಕೇರಿಗೆಲ್ಲ ಅರ್ಥವಾಯಿತು. ಇಷ್ಟು ವರ್ಷ ಗುಡ್ಡದ ಮೇಲೆ ಕಿವಿಗೊಟ್ಟು ಕೂತವನಿಗೆ ತಾವೇ ದಿನಾ ಕೂಗಿ ಹೇಳುತ್ತಿದ್ದರು! ಸೋವಜ್ಜನ ಮುಖ ಸಣ್ಣದಾಯಿತು. "ಅವಳು ಹೇಳಲಿಲ್ಲ ಸ್ವಾಮಿ" ಎಂದ.

"ಹಾಗಾದರೆ ನೀನೇ ಹೇಳೇ ಹುಡುಗಿ, ಏನಿದು?"

ಬಾಚಲೆ ಚಿತ್ರವನ್ನು ನೋಡಿದಳು. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. "ನಂಗೂ ಗೊತ್ತಿಲ್ಲ" ಎಂದಳು. "ಮಾಡ್ತಾ ಹೋದೆ. ಇದಾಯ್ತು."

ಹೆಸರುಬಾಕ ಮತ್ತೆ ಚಿತ್ರದ ಕಡೆ ತಿರುಗಿದ. ಹೆಸರಿಗಾಗಿ ಹುಡುಕಿದ, ಹುಡುಕಿದ, ಹುಡುಕುತ್ತ ಸುಮ್ಮನೆ ನೋಡತೊಡಗಿದ. ಹುಟ್ಟಿದಾಗಿನಿಂದ ಅವನು ಯಾವುದನ್ನೂ ಹಾಗೆ ನೋಡಿದವನಲ್ಲ. ನೋಡುತ್ತ ನೋಡುತ್ತ ಕಲಿತಿದ್ದ ಹೆಸರುಗಳೆಲ್ಲ ಮರೆತುಹೋದವು, ಕೊನೆಗೆ ತನ್ನ ಹೆಸರೂ ಹೋಯಿತು. ಇತ್ತ ಗೋಸುಂಬೆ ಚಿತ್ರದ ಬಣ್ಣಕ್ಕೆ ತಿರುಗಲು ಹೋಗಿ ನೀಲಿಯಾಯಿತು, ಕಾವಿಯಾಯಿತು, ಬೂದಿಯಾಯಿತು, ಯಾವುದರಲ್ಲೂ ನಿಲ್ಲಲಾರದೆ ತಲೆ ಸುತ್ತಿ, ಜೋರಾಗಿ ಒಂದು ಸೀನು ಸೀನಿತು.

ನವಿಲುಗಳು ಬಂದವು. ರಾಣಿಯ ತೂಗುಮಂಚ ಬಂದು ಸೋವಜ್ಜನ ಚಾವಡಿಯ ಮೇಲೆ ಕೂತಿತು. ಅತ್ತಿಹಣ್ಣುಗಳಿಗೆ ಒಳಗು ಬಂತು. ಉಂಡಾದ ಮೇಲಿನ ತೂಕಡಿಕೆ ಬಂದದ್ದೇ ತಡ, ರಾಜ ಸಿಂಹಾಸನದ ಮೇಲೇ ಗೊರಕೆ ಹೊಡೆದ, ಮಂತ್ರಿಗಳು ಸಂತೋಷದಿಂದ ಕಣ್ಣೊರೆಸಿಕೊಂಡರು. ಗೋಸುಂಬೆ ಹಿತ್ತಲ ಬೇಲಿಯ ಮೇಲೆ ಕೂರುವಷ್ಟು ಚಿಕ್ಕದಾಯಿತು. ಹೆಸರಿಲ್ಲದ ಆ ಮುದುಕ ಕೇರಿಯಲ್ಲೇ ಉಳಿದು, ಗಂಜಿ ಕಾಯಿಸುತ್ತ ಎಲ್ಲರೊಂದಿಗೆ ಸುಖವಾಗಿದ್ದ. ಹೇಳಿಕೆಯ ಕಟ್ಟಳೆಯನ್ನು ಸೋವಜ್ಜನೇ ಮುಂದೆ ನಿಂತು ತೆಗೆದುಹಾಕಿದ.

ಎಲ್ಲರಿಗಿಂತ ಕೊನೆಗೆ ಬಂದವಳು ಕೇತಲೆ. ಸೆರಗು ಕೊಡವಿಕೊಂಡು, ಏನೂ ಆಗಿಲ್ಲವೆಂಬಂತೆ ಹಲಗೆಯ ಮುಂದೆ ನಿಂತು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಏನಿದು ಎಂದು ಕೇಳಲಿಲ್ಲ. ನೀಲಿ ಬೆರಳನ್ನು ನೀಲಿಯ ಮೇಲಾಡಿಸಿದಳು, ಕಪ್ಪಿನ ಮೇಲಾಡಿಸಿದಳು, ಬೂದಿ ಬಣ್ಣದ ಚೂರಿನ ಮೇಲೆ ನಿಲ್ಲಿಸಿದಳು.

"ಇಲ್ಲಿ ಇನ್ನೂ ಹಸಿ ಇದೆ ಕಣೇ" ಎಂದಳು. "ಇಷ್ಟೊಂದು ಅಂಟು ಯಾಕೆ ಹಾಕಿದೆ?"

ಬಾಚಲೆ ಓಡಿಬಂದು ಅಕ್ಕನ ಕತ್ತಿನಲ್ಲಿ ಮುಖ ಹುದುಗಿಸಿದಳು. ಕೇತಲೆ ಹಾಗೆಯೇ ನಿಂತಿದ್ದಳು, ಅಂಟು ಒಣಗುವವರೆಗೂ.